ಎದೆಗೆ ಬಾಲ್ ಬಿದ್ರೆ ಹಾರ್ಟ್ ನಿಲ್ಲುತ್ತಾ?

ಪ್ರಶ್ನೆ: ಎದೆಗೆ ಬಾಲ್ ಬಿದ್ರೆ ಮೂಳೆನೂ ಮುರೀದೆ ಪ್ರಾಣ ಹೋಗುತ್ತಂತೆ, ನಿಜಾನಾ?

ಉತ್ತರ: ನಿಜ ಕಣ್ರೀ, ಅಪರೂಪ ಅಷ್ಟೇ. ಹೆಸರು ಕಮೋಷಿಯೋ ಕಾರ್ಡಿಸ್. 2023ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಮೈದಾನದಲ್ಲೇ ಕುಸಿದಿದ್ದು ಇದ್ರಿಂದಾನೇ, ತಕ್ಷಣ ಸಿಪಿಆರ್ (ಎದೆ ಒತ್ತಿ ರಕ್ತ ಓಡಿಸೋದು), ಹಾರ್ಟ್‌ಗೆ ಕರೆಂಟ್ ಶಾಕ್ ಕೊಟ್ಟಿದ್ದಕ್ಕೆ ಬದುಕಿದ್ರು.

ಹೀಗಾಗೋದರ ಗುಟ್ಟು ಬಿಟ್ಟುಕೊಟ್ಟಿದ್ದು ಹಂದಿಮರಿಗಳು, ಪಾಪ. 1998ರಲ್ಲಿ ಪ್ರಕಟವಾದ ಹೃದ್ರೋಗ ತಜ್ಞ ಮಾರ್ಕ್ ಲಿಂಕ್ ತಂಡದ ಪ್ರಯೋಗದಲ್ಲಿ ಅರಿವಳಿಕೆ ಕೊಟ್ಟ ಮರಿಗಳ ಎದೆಗೆ ಬೇಸ್‌ಬಾಲ್ ಗಾತ್ರದ ಮರದ ಚೆಂಡನ್ನ ಗಂಟೆಗೆ 30 ಮೈಲಿ ವೇಗದಲ್ಲಿ, ಇಸಿಜಿ ನೋಡ್ಕೊಂಡು ಟೈಮಿಂಗ್ ಹೊಂದಿಸಿ ಹೊಡೆದ್ರು, ಟಿ ಅಲೆ (ಇಸಿಜಿಲಿ ಪ್ರತಿ ಬಡಿತದ ಕೊನೆಗೆ ಕಾಣೋ ಉಬ್ಬು) ತುದಿ ಮುಟ್ಟೋಕೆ 30ರಿಂದ 15 ಮಿಲಿಸೆಕೆಂಡ್ ಮುಂಚೆ ಬಿದ್ದ 10 ಏಟಲ್ಲಿ 9ಕ್ಕೆ ಹಾರ್ಟ್ ತಾಳ ತಪ್ಪಿ ಬರೀ ನಡುಗೋಕೆ ಶುರುವಾಯ್ತು! ಅಂದ್ರೆ ಏಟಿನ ಜೋರಿಗಿಂತ ಗಳಿಗೆನೇ ಕೆಟ್ಟದ್ದು. ಮೆತ್ತನೆ ಬಾಲ್‌ಗಳಲ್ಲಿ ಅಪಾಯ ಕಡಿಮೆ ಅಂತಾನೂ ಅಲ್ಲೇ ಗೊತ್ತಾಗಿದ್ದು.