ತುಮಕೂರು, ಕೋಲಾರದ ಕಡೆ ಒಂದೆರಡು ಕುದುರೆ ಸಾಕುವವರಿಗೆ ಸಂಘ ಏಕೆ ಬೇಕು?
ಮುಖ್ಯವಾಗಿ ರೋಗ ತಡೆಯಲು. ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ ಲಸಿಕೆಯಿಲ್ಲ, ಮನುಷ್ಯರಿಗೂ ಅಂಟುತ್ತದೆ. ಗಟ್ಟಿಮುಟ್ಟಾಗಿ ಕಾಣುವ ಕುದುರೆಯೂ ಅದನ್ನು ಹೊತ್ತು ತಿರುಗಬಹುದು; ಜಾತ್ರೆಯಲ್ಲಿ ಹಲವು ಕುದುರೆಗಳು ಕುಡಿಯುವ ಒಂದೇ ನೀರಿನ ತೊಟ್ಟಿ ಸಾಕು, ಹರಡಲು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕೇಂದ್ರ ಕಾಯ್ದೆಯ ಪ್ರಕಾರ ಶಂಕೆ ಬಂದೊಡನೆ ತಿಳಿಸಲೇಬೇಕು, ಖಚಿತವಾದರೆ ಕುದುರೆಗೆ ದಯಾಮರಣ. ಅದೊಂದರ ದುಡಿಮೆಯಿಂದಲೇ ಮನೆ ನಡೆಸುವವರು ಹೆದರಿ ಮುಚ್ಚಿಟ್ಟರೆ ಅವರನ್ನು ದೂರುವುದು ನ್ಯಾಯವಲ್ಲ. ಸಂಘವಿದ್ದರೆ ಆ ಭಯ ತಗ್ಗುತ್ತದೆ: ಎಲ್ಲರ ಕುದುರೆಗಳಿಗೂ ಒಟ್ಟಿಗೆ ರಕ್ತಪರೀಕ್ಷೆ ಮಾಡಿಸಬಹುದು, ಕಳೆದುಕೊಂಡವರ ಪರವಾಗಿ ಸರ್ಕಾರದ ಪರಿಹಾರಕ್ಕೆ ಓಡಾಡಬಹುದು. ಕುಣಿಗಲ್ ಸ್ಟಡ್ ಫಾರಂನಂಥ ದೊಡ್ಡ ಸಂಸ್ಥೆ ತನ್ನದೇ ಪಶುವೈದ್ಯರನ್ನು ಇಟ್ಟುಕೊಳ್ಳಬಲ್ಲದು. ಜಟಕಾ ಓಡಿಸುವವರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಆರೆಂಟು ವಾರಕ್ಕೊಮ್ಮೆ ಲಾಳ ಕಟ್ಟುವವರನ್ನು ಕರೆಸುವ ಖರ್ಚೂ ಹಂಚಿಹೋಗುತ್ತದೆ.