ಎರಡನೇ ರೌಟರ್ ಹಿಂದಿರೋ ನ್ಯಾಸ್ ಹೊರಗಿಂದ ಸಿಗ್ತಿಲ್ಲ ಅಂದ್ರೆ ಮೊದಲು ವ್ಯಾನ್ ಐಪಿ ನೋಡಿ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದ್ದೆ. ಇಂಟರ್ನೆಟ್ ಕಂಪನಿ ಕೊಟ್ಟ ರೌಟರ್ ಒಂದು, ಅದಕ್ಕೆ ಕೇಬಲ್ ಹಾಕಿ ನೀವೇ ತಂದ ಒಳ್ಳೆ ರೌಟರ್ ಇನ್ನೊಂದು, ಆ ಎರಡನೇದಕ್ಕೆ ನ್ಯಾಸ್, ಅಂದ್ರೆ ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸೋ ಫೈಲ್ ಡಬ್ಬಿ. ಎರಡನೇ ರೌಟರಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿಂದ ಒಂದು ಪೋರ್ಟ್ ನಂಬರಿಗೆ ಬಂದಿದ್ದನ್ನ ಒಳಗಿನ ಒಂದು ಸಾಧನಕ್ಕೆ ಕಳಿಸೋದು) ಮಾಡಿದೀರ, ಮನೇಲಿ ಫೈಲ್ ಓಪನ್ ಆಗತ್ತೆ, ಹೊರಗೆ ಹೋದ್ರೆ ಸುತ್ತತಾ ಇರತ್ತೆ ಅಷ್ಟೇ. ನ್ಯಾಸ್ ಕೆಟ್ಟಿಲ್ಲ, ರೀಸೆಟ್ ಗೀಸೆಟ್ ಮಾಡೋಕೆ ಹೋಗ್ಬೇಡಿ. ನೀವು ಒಳಬಾಗಿಲ ಚಿಲಕ ತೆಗೆದಿದೀರ, ಹೊರಗಿನ ಗೇಟಿನ ಬೀಗ ಹಾಗೇ ಇದೆ. ರೌಟರ್ ತನ್ನ ಒಂದೇ ಐಪಿ ನಂಬರ್ ಹಿಂದೆ ಮನೆಯ ಸಾಧನಗಳನ್ನೆಲ್ಲಾ ಇಟ್ಕೊಳೋದು ನ್ಯಾಟ್, ಅದು ಎರಡು ಸಲ ಆಗಿರೋದ್ರಿಂದ ಇದಕ್ಕೆ ಡಬಲ್ ನ್ಯಾಟ್ ಅಂತಾರೆ.

ಏನಾಗತ್ತೆ ಅಂದ್ರೆ, ಹೊರಗಿಂದ ಬರೋ ಕನೆಕ್ಷನ್ ಮೊದಲು ಬಂದು ಬೀಳೋದು ಕಂಪನಿ ರೌಟರಿಗೆ. ಅದಕ್ಕೆ ನಿಮ್ಮ ನ್ಯಾಸ್ ಅನ್ನೋದೊಂದು ಇದೆ ಅಂತಾನೇ ಗೊತ್ತಿಲ್ಲ, ಅದಕ್ಕೆ ಕಾಣೋದು ಎರಡನೇ ರೌಟರ್ ಒಂದೇ. ಅದನ್ನ ಎಲ್ಲಿಗೆ ಕಳಿಸ್ಬೇಕು ಅಂತ ಯಾರೂ ಹೇಳಿಲ್ವಲ್ಲ, ಅಲ್ಲೇ ಬಿಸಾಕತ್ತೆ. ಮನೆಯಲ್ಲೇ ಮೊದಲನೇ ರೌಟರಿನ ವೈಫೈಗೆ ಸೇರಿಕೊಂಡು ನೋಡಿದ್ರೂ ನ್ಯಾಸ್ ಕಾಣಲ್ಲ ಅಂತ ಬರ್ದಿದೀರಲ್ಲ, ಅದಕ್ಕೂ ಇದೇ ಕಾರಣ. ಎರಡನೇ ರೌಟರ್ ಕೆಳಗಿರೋ ಸಾಧನಗಳು ಮೇಲಕ್ಕೆ ಹೋಗ್ಬಹುದು, ಮೇಲಿಂದ ಕೆಳಕ್ಕೆ ಬರೋಕಾಗಲ್ಲ.

ಸೆಟ್ಟಿಂಗ್ ಮುಟ್ಟೋಕೆ ಮುಂಚೆ ಒಂದು ಕೆಲಸ ಮಾಡಿ, ಎರಡೂ ರೌಟರಿನ ಸ್ಟೇಟಸ್ ಪೇಜಿಗೆ ಹೋಗಿ ವ್ಯಾನ್ ಐಪಿ (ರೌಟರಿಗೆ ಹೊರಗಡೆಯಿಂದ ಸಿಕ್ಕಿರೋ ನಂಬರ್) ಅಂತ ಏನಿದೆ ಬರ್ಕೊಳಿ. ಎರಡನೇದರಲ್ಲಿ 192.168. ಅಥವಾ 10. ಇಂದ ಶುರುವಾಗೋ ನಂಬರ್ ಇದ್ರೆ ಡಬಲ್ ನ್ಯಾಟ್ ಗ್ಯಾರಂಟಿ. ಆಮೇಲೆ ಮೊದಲನೇ ರೌಟರಿನ ವ್ಯಾನ್ ನಂಬರನ್ನ, ಬ್ರೌಸರಲ್ಲಿ ನನ್ನ ಐಪಿ ಏನು ಅಂತ ಹುಡುಕಿದಾಗ ಬರೋ ನಂಬರ್ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ರೆ ಬಚಾವ್. ಬೇರೆ ಇದ್ರೆ, ಅದ್ರಲ್ಲೂ 100.64 ಇಂದ 100.127 ಒಳಗಿನ ನಂಬರ್ ಇದ್ರೆ, ನಿಮ್ಮ ಮನೆ ಆಚೆ ಕಂಪನಿಯವರ ಹತ್ರ ಇನ್ನೊಂದು ನ್ಯಾಟ್ ಕೂತಿದೆ ಅಂತ ಅರ್ಥ, ಅದೇ ಕ್ಯಾರಿಯರ್ ಗ್ರೇಡ್ ನ್ಯಾಟ್. ಅದು ನಿಮ್ಮ ಕೈಲಿಲ್ಲ, ಮನೆ ಒಳಗೆ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದ್ರೂ ನೀರಲ್ಲಿ ಹೋಮ. ನಾನು ಇದನ್ನ ನೋಡದೇನೇ ಮೂರು ಸಂಜೆ ಕಳೆದಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಈಗ ನನ್ನ ಅಭಿಪ್ರಾಯ ಹೇಳ್ತೀನಿ. ನಿಮಗೆ ಎರಡು ಬೇರೆ ಬೇರೆ ನೆಟ್‌ವರ್ಕ್ ಬೇಕೇಬೇಕು ಅನ್ನೋ ಕಾರಣ ಇದ್ಯಾ? ಕ್ಯಾಮೆರಾ, ಬಾಡಿಗೆಯವರ ವೈಫೈ ಇಂಥದ್ದನ್ನ ಬೇರೆ ಇಡ್ಬೇಕು ಅಂದ್ರೆ ಸರಿ. ಬರೀ ಸಿಗ್ನಲ್ ಚೆನ್ನಾಗಿ ಬರ್ಲಿ ಅಂತ ಎರಡನೇ ರೌಟರ್ ಹಾಕಿದ್ರೆ ಅದನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ (ರೌಟರ್ ಕೆಲಸ ಬಿಟ್ಟು ಬರೀ ವೈಫೈ ಹರಡೋದು) ಹಾಕ್ಬಿಡಿ, ಅರ್ಧ ತಲೆನೋವು ಅಲ್ಲೇ ಮುಗೀತು. ಆ ಮೋಡ್ ಇಲ್ಲದ ಹಳೇ ರೌಟರ್ ಆದ್ರೂ ಪರವಾಗಿಲ್ಲ. ಅದರ ಅಡ್ರೆಸ್ಸನ್ನ ಮೊದಲನೇ ರೌಟರಿನ ಸಾಲಿಗೆ ಬದಲಾಯಿಸಿ, ಮೊದಲನೇದು 192.168.1.1 ಆಗಿದ್ರೆ ಇದಕ್ಕೆ 192.168.1.2 ಕೊಡಿ, ಆ ನಂಬರನ್ನ ಮೊದಲನೇ ರೌಟರ್ ಬೇರೆಯವರಿಗೆ ಹಂಚದ ಹಾಗೆ ನೋಡ್ಕೊಳಿ, ಆಮೇಲೆ ಇದರ ಡಿಎಚ್‌ಸಿಪಿ (ಐಪಿ ನಂಬರ್ ಹಂಚೋ ಕೆಲಸ) ಆಫ್ ಮಾಡಿ, ಕೇಬಲ್ ವ್ಯಾನ್ ತೂತಿಂದ ತೆಗೆದು ಲ್ಯಾನ್ (ಮನೆ ಒಳಗಿನ ಸಾಧನಗಳ) ತೂತಿಗೆ ಹಾಕಿ. ಹಾಂ, ನ್ಯಾಸಲ್ಲಿ ಐಪಿ ಕೈಯಾರೆ ಟೈಪ್ ಮಾಡಿ ಫಿಕ್ಸ್ ಮಾಡಿದ್ರೆ ಇದೆಲ್ಲಾ ಮಾಡೋಕೆ ಮುಂಚೆನೇ ಅದನ್ನ ಆಟೋಮ್ಯಾಟಿಕ್ಕಿಗೆ ಬಿಡಿ, ಇಲ್ಲಾಂದ್ರೆ ಅದು ಹಳೇ ನಂಬರ್ ಹಿಡ್ಕೊಂಡು ಕೂತಿರತ್ತೆ, ನೀವು ಹುಡುಕ್ತಾ ಇರ್ತೀರ. ನಂಬರ್ ಫಿಕ್ಸ್ ಮಾಡೋದು ಮೊದಲನೇ ರೌಟರಲ್ಲಿ ರಿಸರ್ವೇಷನ್ (ಈ ಸಾಧನಕ್ಕೆ ಯಾವಾಗ್ಲೂ ಇದೇ ನಂಬರ್ ಅನ್ನೋ ಸೆಟ್ಟಿಂಗ್) ಹಾಕಿ ಮಾಡಿದ್ರೇ ಒಳ್ಳೇದು.

ಇನ್ನೊಂದು, ಮೇಲೆ ಕಾಮೆಂಟಲ್ಲಿ ಒಬ್ಬರು 445 ಪೋರ್ಟ್ ಎರಡೂ ರೌಟರಲ್ಲಿ ಓಪನ್ ಮಾಡಿ ಸಾಕು ಅಂತ ಬರೆದಿದಾರೆ. ಬೇಜಾರ್ ಮಾಡ್ಕೊಬೇಡಿ ಆದ್ರೆ ದಯವಿಟ್ಟು ಅದನ್ನ ಮಾಡ್ಲೇಬೇಡಿ. 445 ಅಂದ್ರೆ ವಿಂಡೋಸ್ ಫೈಲ್ ಶೇರಿಂಗ್, ಎಸ್‌ಎಂಬಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ ಪ್ರಪಂಚ ಎಲ್ಲಾ ಹರಡಿದ್ದು ಇದೇ ಎಸ್‌ಎಂಬಿಯ ಹಳೇ ವರ್ಷನ್ನಿನ ದೋಷದಿಂದ, ಅದಕ್ಕೆ ಮೈಕ್ರೋಸಾಫ್ಟ್ ಮಾರ್ಚಲ್ಲೇ ಪ್ಯಾಚ್ ಕೊಟ್ಟಿತ್ತು, ಹಾಕ್ಕೊಳ್ಳದೇ ಇದ್ದವರು ಸಿಕ್ಕಾಕೊಂಡ್ರು. 2021ರ ಏಪ್ರಿಲಲ್ಲಿ ಅದೇ ಥರ ದುಡ್ಡು ಕೇಳೋ ಕ್ಯೂಲಾಕರ್ ಬಂದಾಗ್ಲೂ ಇಂಟರ್ನೆಟ್ಟಿಗೆ ನೇರ ತೆರೆದಿಟ್ಟಿದ್ದ ಮನೆ ನ್ಯಾಸ್‌ಗಳಲ್ಲಿದ್ದ ಫೋಟೋ ಡಾಕ್ಯುಮೆಂಟ್ ಎಲ್ಲಾ ಪಾಸ್‌ವರ್ಡ್ ಹಾಕಿದ ಫೈಲ್ ಒಳಗೆ ಲಾಕ್ ಆಗಿ ಕೂತ್ವು. ಪೋರ್ಟ್ ನಂಬರ್ ಬದಲಾಯಿಸಿದ್ರೆ ಯಾರಿಗೂ ಗೊತ್ತಾಗಲ್ಲ ಅನ್ನೋದೂ ಸುಳ್ಳು, ಹಗಲು ರಾತ್ರಿ ಹುಡುಕೋ ಪ್ರೋಗ್ರಾಂಗಳಿದಾವೆ.

ಹಾಗಾದ್ರೆ ಹೊರಗಿಂದ ಹೇಗೆ? ವಿಪಿಎನ್, ಅಂದ್ರೆ ಹೊರಗಿಂದ ಮನೆ ನೆಟ್‌ವರ್ಕಿಗೆ ಬರೋ ಬೀಗ ಹಾಕಿದ ಸುರಂಗ. ನಾನು ವೈರ್‌ಗಾರ್ಡ್ ಅನ್ನೋ ವಿಪಿಎನ್ ಉಪಯೋಗಿಸ್ತಿರೋದು, ಹಗುರವಾಗಿದೆ, 2020ರಲ್ಲಿ ಲಿನಕ್ಸ್ ಕರ್ನಲ್ ಒಳಗೇ ಸೇರ್ಕೊಂಡಿದೆ. ನಿಮ್ಮ ಎರಡನೇ ರೌಟರಲ್ಲಿ ವಿಪಿಎನ್ ಸರ್ವರ್ ಅಂತ ಮೆನು, ಅದರಲ್ಲಿ ವೈರ್‌ಗಾರ್ಡ್ ಇದ್ಯಾ ನೋಡಿ. ಇದ್ರೆ ಆ ರೌಟರನ್ನ ರೌಟರ್ ಆಗೇ ಉಳಿಸ್ಕೊಂಡ್ರೂ ಕೆಲಸ ಸುಲಭ, ಯಾಕಂದ್ರೆ ವಿಪಿಎನ್ ಬಂದು ನಿಲ್ಲೋದೇ ಆ ರೌಟರಲ್ಲಿ, ಅಲ್ಲಿಂದ ನ್ಯಾಸ್ ಪಕ್ಕದಲ್ಲೇ ಇದೆ. ಮೊದಲನೇ ರೌಟರಲ್ಲಿ ಎರಡನೇದಕ್ಕೆ ಒಂದು ಫಿಕ್ಸ್ ನಂಬರ್ ಕೊಟ್ಟು, ಯುಡಿಪಿ 51820 (ವೈರ್‌ಗಾರ್ಡ್ ಸಾಮಾನ್ಯವಾಗಿ ಬಳಸೋ ಪೋರ್ಟ್) ಒಂದನ್ನ ಅದಕ್ಕೆ ಫಾರ್ವರ್ಡ್ ಮಾಡಿ, ಅಷ್ಟೇ. ಟಿಸಿಪಿ ಅಂತ ಹಾಕಿದ್ರೆ ಬರಲ್ಲ, ಯುಡಿಪಿನೇ ಆಗ್ಬೇಕು. ನಿಮ್ಮ ಹೊರಗಿನ ಐಪಿ ಆಗಾಗ ಬದಲಾಗೋದಾದ್ರೆ ಡೈನಾಮಿಕ್ ಡಿಎನ್‌ಎಸ್ ಹೆಸರೊಂದು (ಐಪಿ ಬದಲಾದ್ರೂ ಹೊಸ ಐಪಿಗೇ ಕರ್ಕೊಂಡು ಹೋಗೋ ಖಾಯಂ ಹೆಸರು) ಮಾಡ್ಕೊಳಿ. ಆದ್ರೆ ಅದನ್ನ ಎರಡನೇ ರೌಟರಲ್ಲಿ ಹಾಕಿದ್ರೆ ಕೆಲವು ರೌಟರ್‌ಗಳು ತಮ್ಮ 192.168 ನಂಬರನ್ನೇ ಕಳಿಸಿ ಕೂತ್ಕೊಳತ್ವೆ, ಹಾಕಿದ್ಮೇಲೆ ಒಂದ್ಸಲ ಚೆಕ್ ಮಾಡಿ.

ಕ್ಯಾರಿಯರ್ ಗ್ರೇಡ್ ನ್ಯಾಟ್ ಹಿಂದೆ ಇದ್ರೆ, ಅಥವಾ ಕಂಪನಿ ರೌಟರಿನ ಅಡ್ಮಿನ್ ಪಾಸ್‌ವರ್ಡೇ ಕೊಟ್ಟಿಲ್ಲ ಅಂದ್ರೆ, ಸೀದಾ ಟೇಲ್‌ಸ್ಕೇಲ್ ಅನ್ನೋ ಪ್ರೋಗ್ರಾಂ ಹಾಕಿ. ಒಳಗೆ ಅದೂ ವೈರ್‌ಗಾರ್ಡೇ, ಆದ್ರೆ ನ್ಯಾಸೇ ಹೊರಗಡೆಗೆ ಕನೆಕ್ಷನ್ ಮಾಡತ್ತೆ, ಅದಕ್ಕೇ ನ್ಯಾಟ್ ಎರಡಿರಲಿ ಮೂರಿರಲಿ ಪೋರ್ಟ್ ಮುಟ್ಟೋ ಹಾಗೇ ಇಲ್ಲ. ಸಿನಾಲಜಿ, ಕ್ಯೂನ್ಯಾಪ್ ಎರಡೂ ಕಂಪನಿಯ ನ್ಯಾಸ್‌ಗಳಿಗೆ ಅದರ ಪ್ಯಾಕೇಜ್ ಇದೆ. ನಿಮ್ಮದು ರೌಟರಿನ ಯುಎಸ್‌ಬಿಗೆ ಚುಚ್ಚಿರೋ ಹಾರ್ಡ್ ಡಿಸ್ಕ್ ಆದ್ರೆ ಅದರಲ್ಲಿ ಇನ್‌ಸ್ಟಾಲ್ ಮಾಡೋಕಾಗಲ್ಲ, ಆಗ ಯಾವಾಗ್ಲೂ ಆನ್ ಇರೋ ಒಂದು ಹಳೇ ಲ್ಯಾಪ್‌ಟಾಪೋ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರೋ ಅದೇ ರೌಟರಿಗೆ ಹಾಕಿ, ಅದರಲ್ಲಿ ಟೇಲ್‌ಸ್ಕೇಲ್ ಇನ್‌ಸ್ಟಾಲ್ ಮಾಡಿ ಸಬ್‌ನೆಟ್ ರೌಟರ್ (ಅದೇ ನೆಟ್‌ವರ್ಕಿನ ಬೇರೆ ಸಾಧನಗಳಿಗೂ ದಾರಿ ಕೊಡೋದು) ಆಗಿ ಮಾಡ್ಕೋಬಹುದು. ನೇರ ದಾರಿ ಸಿಗದಿದ್ರೆ ಟೇಲ್‌ಸ್ಕೇಲ್ ಮಧ್ಯದ ಸರ್ವರ್ ಮೂಲಕ ಕಳಿಸತ್ತೆ, ಆಗ ನಿಧಾನ ಅನ್ಸತ್ತೆ.

ಎಲ್ಲರೂ ಎಡವೋ ಜಾಗಗಳು ಇನ್ನೂ ಇದಾವೆ. ಎರಡನೇದನ್ನ ಆಕ್ಸೆಸ್ ಪಾಯಿಂಟ್ ಮಾಡದೆ ರೌಟರ್ ಆಗೇ ಇಟ್ಕೊಂಡು, ಎರಡೂ 192.168.1 ಸಾಲಲ್ಲೇ ಇದ್ರೆ ಎರಡನೇದಕ್ಕೆ ಯಾವ ಕಡೆ ಕಳಿಸ್ಬೇಕು ಅಂತ ಗೊತ್ತಾಗಲ್ಲ, ಎರಡನೇದರ ಒಳಗಿನ ಸಾಲನ್ನ ಬದಲಾಯಿಸಿ. ಬದಲಾಯಿಸೋವಾಗ 192.168.0 ಅಥವಾ 1 ಇಟ್ಕೊಬೇಡಿ, 192.168.57 ಥರ ಯಾರೂ ಇಡದ ನಂಬರ್ ಇಡಿ, ಯಾಕಂದ್ರೆ ನೀವು ಹೋದ ಕಡೆಯ ವೈಫೈನೂ 192.168.1 ಆಗಿದ್ರೆ ವಿಪಿಎನ್ ಕನೆಕ್ಟ್ ಆಗಿದೆ ಅಂತ ಹಸಿರು ತೋರ್ಸತ್ತೆ, ಆದ್ರೆ ಲ್ಯಾಪ್‌ಟಾಪ್ ನ್ಯಾಸನ್ನ ಅಲ್ಲೇ ಆ ಮನೆಯಲ್ಲೇ ಹುಡುಕ್ತಾ ಇರತ್ತೆ. ನ್ಯಾಸ್ ಹೆಸರಿಂದ ಹುಡುಕ್ಬೇಡಿ, ಆ ಹೆಸರು ಮನೆ ನೆಟ್‌ವರ್ಕಲ್ಲಿ ಕೂಗಿ ಹೇಳೋ ಹೆಸರು, ವಿಪಿಎನ್ ದಾಟಿ ಬರಲ್ಲ, ಐಪಿ ನಂಬರೇ ಟೈಪ್ ಮಾಡಿ. ಟೆಸ್ಟ್ ಮಾಡೋವಾಗ ಮೊಬೈಲಿನ ವೈಫೈ ಆಫ್ ಮಾಡಿ ಡೇಟಾದಲ್ಲಿ ನೋಡಿ. ಮನೆ ವೈಫೈಯಲ್ಲೇ ಕೂತು ಹೊರಗಿನ ಐಪಿ ಹಾಕಿ ನೋಡಿದ್ರೆ ಎಷ್ಟೋ ರೌಟರ್‌ಗಳು ವಾಪಸ್ ಒಳಗೆ ತಿರುಗಿಸಲ್ಲ, ಸರಿಯಿದ್ರೂ ಸರಿಯಿಲ್ಲ ಅನ್ಸತ್ತೆ. ಇದಕ್ಕೂ ನಾನು ಇನ್ನೊಂದು ಸಂಜೆ ಕಳ್ಕೊಂಡಿದೀನಿ.

ಸ್ಪೀಡ್ ಬಗ್ಗೆ ಆಸೆ ಕಮ್ಮಿ ಇಟ್ಕೊಳಿ. ಹೊರಗಿಂದ ಫೈಲ್ ಇಳಿಸೋದು ಅಂದ್ರೆ ಮನೆ ಲೈನಿಗೆ ಅದು ಅಪ್‌ಲೋಡ್. ಅಪ್‌ಲೋಡ್ 10 ಎಂಬಿಪಿಎಸ್ ಇದ್ರೆ 1 ಜಿಬಿ ಫೈಲಿಗೆ ಕಮ್ಮಿ ಅಂದ್ರೂ 13 ನಿಮಿಷ. ಎಸ್‌ಎಂಬಿ ದೂರದ ಲೈನಲ್ಲಿ ಹೋಗಿ ಬರೋ ಮಾತುಕತೆನೇ ಜಾಸ್ತಿ, ಸಾವಿರ ಫೋಟೋ ಇರೋ ಫೋಲ್ಡರ್ ತೆಗೆದ್ರೆ ಕಾಫಿ ಕುಡ್ಕೊಂಡು ಬರಬಹುದು, ಅಂಥದ್ದಕ್ಕೆ ವಿಪಿಎನ್ ಒಳಗೇ ಎಸ್‌ಎಫ್‌ಟಿಪಿ (ಫೈಲ್ ಸಾಗಿಸೋ ಇನ್ನೊಂದು ವಿಧಾನ) ವಾಸಿ.

ಎರಡೂ ರೌಟರಿನ ವ್ಯಾನ್ ನಂಬರ್ ಇಲ್ಲಿ ಹಾಕಿ, ಯಾವ ದಾರಿ ಅಂತ ಹೇಳ್ತೀನಿ. ಪೂರ್ತಿ ಹಾಕ್ಬೇಡಿ ಸರ್, ಮೊದಲ ಎರಡು ಭಾಗ ಸಾಕು, ಗುಂಪಲ್ಲಿ ತುಂಬಾ ಜನ ಇದಾರೆ.