ಟರ್ಬೊ ಬೇರಿಂಗಿಗೆ ಎಣ್ಣೆ ಸರಿಯಾಗಿ ತಲುಪುತ್ತಿದೆಯೇ?

ವಾಹನ ಸಲಹೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೆಕ್ಕೆಜೋಳ ಸಾಗಿಸುವ ನನ್ನ ಲಾರಿಯಲ್ಲಿ ಟರ್ಬೊ (ನಿಷ್ಕಾಸ ಅನಿಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಪದೇ ಪದೇ ಕೆಡುತ್ತಿದೆ. ಹೊಸದು ಹಾಕಿಸಿದ ಕೆಲವೇ ತಿಂಗಳಲ್ಲಿ ಶಾಫ್ಟಿಗೆ ಆಟ ಬಂದು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸಿಕೊಳ್ಳುತ್ತದೆ. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪಿನಲ್ಲಿಯೂ ಎಣ್ಣೆ ಇರುತ್ತದೆ. ಟರ್ಬೊ ಕಳಪೆ ಎನ್ನುತ್ತಾರೆ ಮೆಕ್ಯಾನಿಕ್. ನಿಜವಾದ ಕಾರಣವೇನು?
— ಲಾರಿ ಮಾಲೀಕರೊಬ್ಬರು, ದಾವಣಗೆರೆ

ಉತ್ತರ: ಒಂದೇ ಗಾಡಿಯಲ್ಲಿ ಒಂದರ ಹಿಂದೊಂದು ಟರ್ಬೊ ಕೆಡುತ್ತಿದ್ದರೆ ದೋಷ ಟರ್ಬೊದಲ್ಲಿರುವುದು ಅಪರೂಪ, ಅದಕ್ಕೆ ಎಣ್ಣೆ ಬರುವ ಅಥವಾ ಅಲ್ಲಿಂದ ಎಣ್ಣೆ ಇಳಿಯುವ ದಾರಿಯಲ್ಲಿರುವುದೇ ಹೆಚ್ಚು. ಪೂರ್ಣ ಲೋಡಿನಲ್ಲಿ ನಿಮಿಷಕ್ಕೆ ಲಕ್ಷದ ಆಸುಪಾಸಿನಲ್ಲಿ ಸುತ್ತುವ ಈ ಶಾಫ್ಟನ್ನು ಸಾಮಾನ್ಯವಾಗಿ ತೇಲುವ ಬುಷ್‌ಗಳು ಹೊತ್ತಿರುತ್ತವೆ. ಬುಷ್ಷಿನ ಒಳಗೂ ಹೊರಗೂ ಇರುವ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಂಥ ಎಣ್ಣೆಯ ಪದರವೇ ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತದೆ. ಆ ಪದರ ಕೆಲವು ಸೆಕೆಂಡು ಇಲ್ಲವಾದರೂ ಹಾನಿಯಾಗುತ್ತದೆ.

ಹಳೆಯ ಟರ್ಬೊವನ್ನು ಗುಜರಿಗೆ ಹಾಕುವ ಮೊದಲು ನಿಮ್ಮೆದುರಿಗೇ ಬಿಚ್ಚಿಸಿ ನೋಡಿ. ಶಾಫ್ಟ್ ನೀಲಿಗಟ್ಟಿದ್ದರೆ ಎಣ್ಣೆ ಸಾಲದೆ ಕಾದಿದೆ. ಬುಷ್ಷಿನ ಮೇಲೆ ಸುತ್ತಲೂ ಗೀರುಗಳಿದ್ದರೆ ಎಣ್ಣೆಯಲ್ಲಿ ಕಸವಿತ್ತು. ನಡುವಿನ ಕವಚದಲ್ಲಿ ಗಟ್ಟಿಯಾದ ಕಪ್ಪು ಕಿಟ್ಟ ಕಂಡರೆ ಬಿಸಿ ಎಂಜಿನನ್ನು ಒಮ್ಮೆಲೇ ಆಫ್ ಮಾಡಲಾಗಿದೆ. ಲೋಡಿನಲ್ಲಿ ಬಂದ ಲಾರಿಯನ್ನು ಹೆದ್ದಾರಿಯ ಡಾಬಾದೆದುರು ನಿಲ್ಲಿಸಿದ ಕೂಡಲೇ ಕೀ ತಿರುಗಿಸಿದರೆ ಎಣ್ಣೆಯ ಹರಿವು ನಿಂತು, ಕಾದ ಟರ್ಬೈನಿನ (ನಿಷ್ಕಾಸ ಅನಿಲ ತಿರುಗಿಸುವ ಚಕ್ರ) ಶಾಖವೆಲ್ಲ ಅಲ್ಲೇ ಉಳಿದ ಎಣ್ಣೆಯನ್ನು ಸುಡುತ್ತದೆ. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸುವ ಹಳೆಯ ಚಾಲಕರ ಅಭ್ಯಾಸವನ್ನು ಡೀಸೆಲ್ ದಂಡವೆಂದು ದಯವಿಟ್ಟು ಬಿಡಿಸಬೇಡಿ.

ನಿಮ್ಮ ಲಕ್ಷಣಗಳನ್ನು ನೋಡಿದರೆ ನನಗೆ ಹೆಚ್ಚು ಅನುಮಾನವಿರುವುದು ರಿಟರ್ನ್ ಪೈಪಿನ ಮೇಲೆ. ಬೇರಿಂಗಿನಿಂದ ನೊರೆಯಾಗಿ ಹೊರಬರುವ ಎಣ್ಣೆ ಯಾವ ಒತ್ತಡವೂ ಇಲ್ಲದೆ, ತನ್ನ ಭಾರದಿಂದಲೇ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರಿಗೆ ಇಳಿಯಬೇಕು. ಪೈಪು ಎಲ್ಲಿಯಾದರೂ ಬಾಗಿ ಮುದುಡಿದ್ದರೆ, ಒಳಗೆ ಕಿಟ್ಟ ಕಟ್ಟಿದ್ದರೆ, ಅಥವಾ ಎಂಜಿನ್ನಿನ ಒಳಗಿನ ಅನಿಲವನ್ನು ಹೊರಬಿಡುವ ಬ್ರೀದರ್ ಕಟ್ಟಿಕೊಂಡು ಚೇಂಬರಿನಲ್ಲಿ ಒತ್ತಡ ಏರಿದ್ದರೆ ಎಣ್ಣೆ ಹಿಂದೆ ನಿಂತು, ಶಾಫ್ಟಿನ ತುದಿಗಳಲ್ಲಿರುವ ಲೋಹದ ರಿಂಗುಗಳನ್ನು ದಾಟಿ ಇಂಟರ್‌ಕೂಲರಿಗೆ ಹೋಗುತ್ತದೆ. ಕಾಳಿನ ದೂಳು, ಹೊಟ್ಟು ತುಂಬಿ ಕಟ್ಟಿಕೊಂಡ ಏರ್ ಫಿಲ್ಟರ್ ಕೂಡ ಗಾಳಿಯ ಬದಿಯಿಂದ ಎಣ್ಣೆಯನ್ನು ಎಳೆಯುತ್ತದೆ. ಎಪಿಎಂಸಿ ಅಂಗಳದಲ್ಲಿ ದಿನವೂ ನಿಲ್ಲುವ ಗಾಡಿಗೆ ಇದು ಮುಖ್ಯ.

ಒತ್ತಡದ ಬದಿಯ ಎಣ್ಣೆ ಪೈಪನ್ನು ತೊಳೆದು ಹಾಕುವುದಕ್ಕಿಂತ ಬದಲಿಸುವುದೇ ಲೇಸು. ಜೋಡಿಸುವಾಗ ಗ್ಯಾಸ್ಕೆಟ್ ಮಾತ್ರ ಸಾಕು, ಸಿಲಿಕೋನ್ ಪೇಸ್ಟ್ ಬೇಡ. ಹಿಂಡಿ ಒಳಸರಿದ ಪೇಸ್ಟ್ ಎಣ್ಣೆಯ ರಂಧ್ರವನ್ನೇ ಮುಚ್ಚಿ ಹೊಸ ಟರ್ಬೊವನ್ನು ಕೊಲ್ಲುತ್ತದೆ. ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಟರ್ಬೊದೊಳಗೆ ಶುದ್ಧ ಎಣ್ಣೆ ಹೊಯ್ದು ಕೈಯಿಂದ ತಿರುಗಿಸಿ, ಡೀಸೆಲ್ ತಡೆದು ಎಣ್ಣೆ ಒತ್ತಡ ಕಾಣುವವರೆಗೆ ಸೆಲ್ಫ್ ಹೊಡೆಸಿ, ಆಮೇಲೆ ಸ್ಟಾರ್ಟ್ ಮಾಡಿಸಿ. ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ಪೂರ್ತಿ ತೆಗೆಸದಿದ್ದರೆ ಎಂಜಿನ್ ಆ ಎಣ್ಣೆಯನ್ನೇ ಉರಿಸುತ್ತಾ, ಕೀ ತೆಗೆದರೂ ನಿಲ್ಲದೆ, ಹತೋಟಿ ಮೀರಿ ಓಡುವ ಅಪಾಯವಿದೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ಗಾಡಿಯ ಕಂಪ್ರೆಸರ್ ಎಂಜಿನ್ ಮಳೆಗಾಲದಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಟರ್ಬೊಗೆ ತೊಂದರೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ನಿಂತ ಎಂಜಿನ್ನಿನ ಬೇರಿಂಗಿನಿಂದ ಎಣ್ಣೆ ಇಳಿದುಹೋಗಿರುತ್ತದೆ. ಮೇಲೆ ಹೇಳಿದಂತೆ ಡೀಸೆಲ್ ತಡೆದು ಸೆಲ್ಫ್ ಹೊಡೆಯಿರಿ. ಸ್ಟಾರ್ಟಾದ ಮೇಲೆ ಅರ್ಧ ನಿಮಿಷವಾದರೂ ಆಕ್ಸಿಲರೇಟರ್ ಮುಟ್ಟಬೇಡಿ. ನಿಂತಲ್ಲೇ ದುಡಿಯುವ ಎಂಜಿನ್ ಇದಾದ್ದರಿಂದ ಎಣ್ಣೆ ಬದಲಾವಣೆಯನ್ನು ಗಂಟೆಯ ಮೀಟರಿನ ಲೆಕ್ಕದಲ್ಲಿಯೇ ಮಾಡಿಸಬೇಕು.

ಪ್ರಶ್ನೆ: ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಸೂಪರ್‌ಚಾರ್ಜರಿಗೂ ಇದೇ ನಿಯಮವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪೂರ್ತಿಯಾಗಿ ಅಲ್ಲ. ನಿಷ್ಕಾಸ ಅನಿಲದ ಬಿಸಿ ಅದಕ್ಕೆ ತಾಗುವುದಿಲ್ಲ. ಜೋಡಿ ರೋಟರುಗಳು ತಿರುಗಿ ಗಾಳಿ ತಳ್ಳುವ ರೂಟ್ಸ್ ಮಾದರಿಯ ಅನೇಕ ಸೂಪರ್‌ಚಾರ್ಜರುಗಳಲ್ಲಿ ಗೇರು ಮತ್ತು ಬೇರಿಂಗಿಗೆ ಎಂಜಿನ್ ಎಣ್ಣೆಯಿಂದ ಬೇರೆಯಾದ, ತನ್ನದೇ ಎಣ್ಣೆಯ ಪುಟ್ಟ ಕೋಣೆ ಇರುತ್ತದೆ. ಅಲ್ಲಿ ಎಣ್ಣೆ ಕಡಿಮೆಯಾದರೆ ಗೇರು ಸವೆಯುತ್ತದೆ, ಹೆಚ್ಚಾದರೆ ನೊರೆಗಟ್ಟಿ ಕಾಯುತ್ತದೆ ಮತ್ತು ಸೀಲು ದಾಟಿ ಸೋರುತ್ತದೆ. ಆದ್ದರಿಂದ ತಯಾರಕರು ಸೂಚಿಸಿದ ಎಣ್ಣೆಯನ್ನೇ, ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗುರುತಿನ ಮಟ್ಟಕ್ಕೆ ಮಾತ್ರ ತುಂಬಬೇಕು.